ಒಂದೇ ಗೆರೆಯ ಮೇಲೆ ಎರಡು ದೀಪ, ಕಣ್ಣಿಗೆ ಮಾತ್ರ ಬೇರೆ ಬೇರೆ ಜಾಗ

ಮರದ ತಟ್ಟೆಯೊಂದರ ಮೇಲೆ ಸದಾ ಹೊತ್ತಿರುವ ಒಂದು ಹಸಿರು ದೀಪ, ಆಗಾಗ ಮಿನುಗುವ ಒಂದು ಕೆಂಪು ದೀಪ ಕೂರಿಸಿ, ಅದನ್ನು ಮೋಟರಿನಿಂದ ತಿರುಗಿಸುವ ಯಂತ್ರ ಕಟ್ಟಿದ್ದೆ. ಮೊದಲ ಸಲ ಮೋಟರ್ ಚಾಲೂ ಮಾಡಿ ಕೋಣೆಯ ಲೈಟ್ ಆರಿಸಿದಾಗ, ಕೆಂಪು ಎಲ್‌ಇಡಿ ಎಲ್ಲೋ ಸೊಟ್ಟಗೆ ಕೂತಿದೆ ಅನ್ನಿಸಿತು. ಮೋಟರ್ ನಿಲ್ಲಿಸಿದೆ. ಲೈಟ್ ಹಾಕಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ತಟ್ಟೆಯ ನಡು, ಹಸಿರು ದೀಪ, ಕೆಂಪು ದೀಪ ಮೂರೂ ಒಂದೇ ಗೆರೆಯಲ್ಲಿದ್ದವು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮತ್ತೆ ಕತ್ತಲು ಮಾಡಿ ತಿರುಗಿಸಿದೆ. ಹಸಿರು ಮುಂದೆ ಓಡುತ್ತಿದೆ, ಕೆಂಪು ಪಕ್ ಅಂತ ಮಿನುಗಿದಾಗಲೆಲ್ಲ ಅದರ ಹಿಂದೆ ಎರಡು ಬೆರಳು ದೂರದಲ್ಲಿ ಕಾಣುತ್ತಿದೆ.

ಆಗ ಮೋಟರಿನ ಎರಡು ವೈರ್ ಅದಲು ಬದಲು ಮಾಡಿ ತಟ್ಟೆಯನ್ನು ಉಲ್ಟಾ ತಿರುಗಿಸಿದೆ. ಕೆಂಪು ದೀಪ ನಿಜವಾಗಿಯೂ ಸೊಟ್ಟಗಿದ್ದರೆ ಈಗ ಅದು ಮುಂದೆ ಕಾಣಬೇಕು, ಅಲ್ವಾ? ಹಾಗಾಗಲಿಲ್ಲ. ದಿಕ್ಕು ಬದಲಾದರೂ ಕೆಂಪು ಹಿಂದೆಯೇ ಉಳಿಯಿತು. ಆ ಕ್ಷಣದ ಖುಷಿಯನ್ನು ನಾನು ಮರೆಯುವುದಿಲ್ಲ. ತಪ್ಪು ಮರದ ತಟ್ಟೆಯಲ್ಲಿರಲಿಲ್ಲ, ನೋಡುವ ಕ್ರಿಯೆಯಲ್ಲೇ ಇತ್ತು.

ಇದಕ್ಕೆ ಫ್ಲ್ಯಾಶ್ ಲ್ಯಾಗ್ ಎಂದು ಹೆಸರು. ಚಲಿಸುವ ವಸ್ತುವಿನ ಪಕ್ಕದಲ್ಲೇ, ಅದೇ ಗಳಿಗೆಯಲ್ಲಿ, ಇನ್ನೊಂದು ವಸ್ತು ಒಂದು ಕ್ಷಣ ಮಿನುಗಿದರೆ ಮಿನುಗಿದ್ದು ಹಿಂದೆ ಬಿದ್ದಂತೆ ಕಾಣುತ್ತದೆ. ಹ್ಯಾಝೆಲ್‌ಹಾಫ್ ಮತ್ತು ವಿಯರ್ಸ್ಮಾ ಎಂಬ ಇಬ್ಬರು 1924ರಲ್ಲೇ ಇಂಥದ್ದನ್ನು ಬರೆದಿಟ್ಟಿದ್ದರು. 1958ರಲ್ಲಿ ಡೊನಾಲ್ಡ್ ಮೆಕೆ ಮಿನುಗು ಬೆಳಕಿನ ಕೋಣೆಯಲ್ಲಿ, ತಾನಾಗಿ ಬೆಳಗುವ ವಸ್ತುಗಳು ಉಳಿದ ನೋಟದಿಂದ ಬೇರ್ಪಟ್ಟು ಅಲುಗಾಡುವುದನ್ನು ವರದಿ ಮಾಡಿದರು. ಆದರೆ ಇದು ದೊಡ್ಡ ಚರ್ಚೆಯಾಗಿದ್ದು 1994ರಲ್ಲಿ ರೋಮಿ ನಿಜಾವನ್ ಅವರು ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದ ಮೇಲೆ. ಅವರು ಬಳಸಿದ್ದು ತಿರುಗುವ ಒಂದು ಕೋಲು. ನಡುವಿನ ತುಂಡು ಸದಾ ಬೆಳಗುತ್ತದೆ, ತುದಿಯ ತುಂಡುಗಳು ಮಿನುಗುತ್ತವೆ. ನೆಟ್ಟಗಿರುವ ಕೋಲು ಮೂರು ತುಂಡಾಗಿ ಕಾಣುತ್ತದೆ. ನಾನು ಕಟ್ಟಿದ್ದು ಅದರದೇ ಸರಳ ರೂಪ.

ಕಂಪ್ಯೂಟರ್ ಪರದೆಯ ಮೇಲೂ ಇದನ್ನು ಮಾಡಬಹುದು. ನಾನು ಬೇಕೆಂದೇ ಬಿಟ್ಟೆ. ಪರದೆಯ ಮೇಲೆ ತೋರಿಸಿದರೆ ಮಕ್ಕಳು "ಪ್ರೋಗ್ರಾಮ್‌ನಲ್ಲೇ ಹಿಂದೆ ಇಟ್ಟಿರ್ತೀರಿ" ಅನ್ನುತ್ತಾರೆ. ಮರಕ್ಕೆ ತೂತು ಕೊರೆದು ಕೂರಿಸಿದ ದೀಪದ ಬಗ್ಗೆ ಹಾಗೆ ಹೇಳುವುದಕ್ಕಾಗುವುದಿಲ್ಲ. ಕೈಯಿಂದ ಮುಟ್ಟಿ ನೋಡಬಹುದು.

ತಟ್ಟೆ

4 ಮಿ.ಮೀ. ಪ್ಲೈವುಡ್‌ನಲ್ಲಿ 30 ಸೆಂ.ಮೀ. ಅಗಲದ ತಟ್ಟೆ. ಪಕ್ಕದ ಬೀದಿಯ ಬಡಗಿ ಕತ್ತರಿಸಿಕೊಟ್ಟರು. ಮುಂಭಾಗಕ್ಕೆ ಶಾಲೆಯ ಕರಿಹಲಗೆಗೆ ಹಚ್ಚುವ ಹೊಳಪಿಲ್ಲದ ಕಪ್ಪು ಬಣ್ಣ, ಎರಡು ಕೋಟ್. ಹೊಳೆಯುವ ಬಣ್ಣ ಹಚ್ಚಿದರೆ ದೀಪದ ಪ್ರತಿಬಿಂಬ ಬಿದ್ದು ಎಲ್ಲ ಕೆಡುತ್ತದೆ.

ಮೋಟರ್ 12 ವೋಲ್ಟಿನ ಗೇರ್ ಮೋಟರ್, ನಿಮಿಷಕ್ಕೆ 30 ಸುತ್ತಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದಿದ್ದೆ. ತಟ್ಟೆಯ ಭಾರ ಬಿದ್ದ ಮೇಲೆ 30 ಸೆಕೆಂಡಿಗೆ 14 ಸುತ್ತು ಎಣಿಸಿದೆ. ಅಂದರೆ ಸೆಕೆಂಡಿಗೆ 168 ಡಿಗ್ರಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಹಸಿರು ಎಲ್‌ಇಡಿ ನಡುವಿನಿಂದ 9 ಸೆಂ.ಮೀ. ದೂರದಲ್ಲಿ, ಕೆಂಪು 13 ಸೆಂ.ಮೀ. ದೂರದಲ್ಲಿ. ಎರಡನ್ನೂ ನಡೆಸುವ ಎಟೈನಿ85 ಚಿಪ್ ಮತ್ತು ಮೂರು ಎಎಎ ಸೆಲ್ ತಟ್ಟೆಯ ಹಿಂಭಾಗದಲ್ಲೇ ಕೂತು ತಟ್ಟೆಯ ಜೊತೆ ಸುತ್ತುತ್ತವೆ. ಹಾಗಾಗಿ ತಿರುಗುವ ಭಾಗಕ್ಕೆ ವೈರ್ ಎಳೆಯುವ ರಗಳೆ ಇಲ್ಲ. ಸೆಲ್ಲಿನ ಭಾರಕ್ಕೆ ತಟ್ಟೆ ಒಂದು ಕಡೆ ಎಳೆಯುತ್ತಿತ್ತು. ಎದುರು ಬದಿಗೆ ಎರಡು ದಪ್ಪ ನಟ್ ಅಂಟಿಸಿದೆ. ತಟ್ಟೆಯನ್ನು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೂ ನಟ್‌ಗಳನ್ನು ಸರಿಸಿದೆ. ತಟ್ಟೆಯ ನಡುವಿನಲ್ಲಿ ಒಂದು ಚಿಕ್ಕ ಬಿಳಿ ಚುಕ್ಕಿ. ನೋಡುವವರು ಕಣ್ಣನ್ನು ಅಲ್ಲಿಯೇ ನೆಡಬೇಕು. ಹಸಿರನ್ನು ಕಣ್ಣಿಂದ ಹಿಂಬಾಲಿಸಿದರೆ ಅಂತರ ಹೆಚ್ಚುಕಡಿಮೆ ಮಾಯವಾಗುತ್ತದೆ. ಇದನ್ನೂ ಮಾಡಿ ನೋಡಿ, ಅದೇ ಒಂದು ಪಾಠ. ಕಣ್ಣು ಹಿಂಬಾಲಿಸುವಾಗ ಹಸಿರು ದೀಪದ ಬಿಂಬ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆ ಸರಿಯುವುದೇ ಇಲ್ಲ.

ಸೆನ್ಸರ್‌ಗೆ ಕಳೆದ ಎರಡು ಸಂಜೆ

ಕೆಂಪು ದೀಪ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ, ನೆತ್ತಿಯ ಮೇಲೆ ಮಿನುಗಲಿ ಅಂತ ಅಯಸ್ಕಾಂತ ಹತ್ತಿರ ಬಂದಾಗ ಗುರುತಿಸುವ ಎ3144 ಹಾಲ್ ಸೆನ್ಸರ್ ಹಾಕಿದ್ದೆ. ಹಿಂದಿನ ಚೌಕಟ್ಟಿಗೆ ಒಂದು ಅಯಸ್ಕಾಂತ. ಮೊದಲ ಸಂಜೆ ಚೆನ್ನಾಗಿ ನಡೆಯಿತು. ಮರುದಿನ ಕೆಂಪು ಒಮ್ಮೆ ಮಿನುಗಿದರೆ ಒಮ್ಮೆ ಇಲ್ಲ, ಆಮೇಲೆ ಪೂರ್ತಿ ನಿಂತೇ ಹೋಯಿತು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಅಯಸ್ಕಾಂತ ಹತ್ತಿರ ತಂದೆ, ತಿರುಗಿಸಿ ಇಟ್ಟೆ. ಕೊನೆಗೆ ಸೆಲ್ಲಿನ ವೋಲ್ಟೇಜ್ ಅಳೆದಾಗ ಗೊತ್ತಾಯಿತು. ಹೊಸ ಮೂರು ಸೆಲ್ 4.8 ವೋಲ್ಟ್ ಕೊಡುತ್ತಿದ್ದವು, ಈಗ 4.3ಕ್ಕೆ ಇಳಿದಿದ್ದವು. ಎ3144ಗೆ ಕನಿಷ್ಠ 4.5 ವೋಲ್ಟ್ ಬೇಕು. ಚಿಪ್ ಆರಾಮಾಗಿ ಓಡುತ್ತಿತ್ತು, ಸೆನ್ಸರ್ ಮಾತ್ರ ಸೋತಿತ್ತು.

ಬೇರೆ ಸೆನ್ಸರ್ ಹುಡುಕುತ್ತಾ ಕೂತಾಗ ಇದಕ್ಕೆ ಸೆನ್ಸರ್ ಯಾಕೆ ಬೇಕು ಎಂಬ ಪ್ರಶ್ನೆ ಬಂತು. ಎರಡೂ ದೀಪ ಒಂದೇ ತಟ್ಟೆಯ ಮೇಲಿವೆ. ಕೆಂಪು ಯಾವ ಗಳಿಗೆಯಲ್ಲಿ ಹೊತ್ತಿಕೊಂಡರೂ ಆ ಗಳಿಗೆಯಲ್ಲಿ ಅದು ಹಸಿರಿನ ಗೆರೆಯಲ್ಲೇ ಇರುತ್ತದೆ. ಸರ್ಕ್ಯೂಟ್ ಎಷ್ಟೇ ತಡ ಮಾಡಿದರೂ ಅದು ಅವುಗಳನ್ನು ಬೇರೆ ಮಾಡಲಾರದು. ಈ ಯಂತ್ರದ ಶಕ್ತಿಯೇ ಅದು. ನೋಡಲು ಬಂದ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಕೆಂಪು ಲೇಟಾಗಿ ಹತ್ತಿಕೊಳ್ತಿರಬಹುದಲ್ವಾ?" ಅಂತ. ಲೇಟಾಗಿ ಹೊತ್ತಿಕೊಳ್ಳಲಿ ಬಿಡಿ, ಅಷ್ಟರಲ್ಲಿ ಹಸಿರಿನ ಜೊತೆ ಅದೂ ಮುಂದೆ ಬಂದಿರುತ್ತದೆ.

ಸೆನ್ಸರ್ ಕಿತ್ತು ಡಬ್ಬಿಗೆ ಹಾಕಿದೆ. ಈಗ ಚಿಪ್ ತನ್ನ ಪಾಡಿಗೆ 1.7 ಸೆಕೆಂಡಿಗೊಮ್ಮೆ ಕೆಂಪನ್ನು ಮಿನುಗಿಸುತ್ತದೆ. ಮಿನುಗು ಪ್ರತಿ ಸಲ ಬೇರೆ ಜಾಗದಲ್ಲಿ ಬೀಳುತ್ತದೆ. ಎಲ್ಲಿ ಬೀಳುತ್ತದೆಂದು ನೋಡುವವರು ಮೊದಲೇ ಊಹಿಸಲಾಗುವುದಿಲ್ಲ, ಅದೂ ಒಳ್ಳೆಯದೇ.

ಬೆಳಕಿನ ಹದ

ಇದು ಸಣ್ಣ ಕೆಲಸ ಅಂದುಕೊಂಡಿದ್ದೆ. ಇಲ್ಲೇ ಜಾಸ್ತಿ ಹೊತ್ತು ಹೋಯಿತು.

ಕೆಂಪು ದೀಪ 30 ಮಿಲಿಸೆಕೆಂಡ್ ಬೆಳಗಿದರೆ ಅಷ್ಟರಲ್ಲಿ ತಟ್ಟೆ 5 ಡಿಗ್ರಿ ಸರಿದು, ಚುಕ್ಕಿಯ ಬದಲು ಕೆಂಪು ಗೀಟು ಕಾಣುತ್ತದೆ. 2 ಮಿಲಿಸೆಕೆಂಡಿಗೆ ಇಳಿಸಿದರೆ ಚುಕ್ಕಿ ಚೊಕ್ಕ, ಆದರೆ ಮಂಕು. ತೀರಾ ಚಿಕ್ಕ ಮಿನುಗಿನಲ್ಲಿ ಕಣ್ಣು ಒಟ್ಟು ಬೆಳಕನ್ನು ಕೂಡಿಹಾಕಿಕೊಳ್ಳುತ್ತದೆ. ಅವಧಿ ಅರ್ಧ ಮಾಡಿದರೆ ಪ್ರಖರತೆ ಎರಡರಷ್ಟು ಬೇಕು. ಕೊನೆಗೆ 5 ಮಿಲಿಸೆಕೆಂಡಿಗೆ ನಿಂತೆ. ಅಷ್ಟರಲ್ಲಿ ತಟ್ಟೆ ಸರಿಯುವುದು ಒಂದು ಡಿಗ್ರಿಗೂ ಕಡಿಮೆ. ಕೆಂಪಿಗೆ 100 ಓಮ್ ರೆಸಿಸ್ಟರ್, ಹಸಿರಿಗೆ 4.7 ಕಿಲೋ ಓಮ್. ಹಸಿರು ಸದಾ ಹೊತ್ತಿರುವುದರಿಂದ ಅದಕ್ಕೆ ಅಷ್ಟು ಕಡಿಮೆ ಕರೆಂಟ್ ಸಾಕು. ಮೊದಲು ಹಸಿರನ್ನು ಪಿಡಬ್ಲ್ಯೂಎಂನಲ್ಲಿ, ಅಂದರೆ ದೀಪವನ್ನು ಬೇಗಬೇಗ ಆರಿಸಿ ಹೊತ್ತಿಸುವ ವಿಧಾನದಲ್ಲಿ, ಮಂಕು ಮಾಡಿದ್ದೆ. ತಿರುಗುವಾಗ ಅದು ಸಾಲು ಚುಕ್ಕಿಗಳಾಗಿ ಒಡೆದು ಕಂಡಿತು. ಅದಕ್ಕೇ ರೆಸಿಸ್ಟರ್.

ಬೆಳಕಿನ ಹದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣವಿದೆ. ಮಂಕು ಬೆಳಕಿನ ಸಂದೇಶ ಕಣ್ಣಿನೊಳಗೆ ನಿಧಾನವಾಗಿ ಸಾಗುತ್ತದೆ. ಇದನ್ನು ನೋಡಲು ಯಂತ್ರವೂ ಬೇಡ. ತಟ್ಟೆಯ ಬಣ್ಣ ಒಣಗುತ್ತಿದ್ದ ಮಧ್ಯಾಹ್ನ ಅಕ್ಕನ ಮಗಳಿಗೆ ತೋರಿಸಿದೆ. ದಾರಕ್ಕೆ ಒಂದು ನಟ್ ಕಟ್ಟಿ ಬಾಗಿಲ ಚೌಕಟ್ಟಿನಿಂದ ತೂಗುಬಿಟ್ಟೆ. ಎಡಕ್ಕೆ ಬಲಕ್ಕೆ ನೇರವಾಗಿ ತೂಗುವಂತೆ ತಳ್ಳಿದೆ. ಎರಡೂ ಕಣ್ಣು ತೆರೆದುಕೊಂಡು, ತಂಪು ಕನ್ನಡಕದ ಒಂದೇ ಗಾಜನ್ನು ಒಂದು ಕಣ್ಣಿಗೆ ಮಾತ್ರ ಅಡ್ಡ ಹಿಡಿದು ನೋಡು ಅಂದೆ. ಎರಡು ಸೆಕೆಂಡಿನಲ್ಲಿ ಅವಳು ಕೈ ಮುಂದೆ ಚಾಚಿದಳು. "ಇದು ಸುತ್ತಾಡ್ತಿದೆ ಮಾಮ, ನನ್ನ ಹತ್ರ ಬಂದು ಹಿಂದೆ ಹೋಗ್ತಿದೆ." ಗಾಜನ್ನು ಇನ್ನೊಂದು ಕಣ್ಣಿಗೆ ಬದಲಿಸಿದಾಗ ನಟ್ ಉಲ್ಟಾ ಸುತ್ತತೊಡಗಿತು. ಗಾಜು ಹಿಡಿದ ಕಣ್ಣಿಗೆ ನಟ್‌ನ ಸ್ವಲ್ಪ ಹಳೆಯ ಜಾಗ ಸಿಗುತ್ತದೆ, ಇನ್ನೊಂದಕ್ಕೆ ಹೊಸ ಜಾಗ. ಈ ಎರಡು ಜಾಗಗಳ ವ್ಯತ್ಯಾಸವನ್ನು ಮಿದುಳು ಆಳ ಎಂದು ಓದಿಕೊಳ್ಳುತ್ತದೆ. ಇದನ್ನು 1922ರಲ್ಲಿ ವಿವರಿಸಿದವರು ಜರ್ಮನಿಯ ಯೇನಾದಲ್ಲಿ ಝೈಸ್ ಕಂಪನಿಯಲ್ಲಿದ್ದ ಕಾರ್ಲ್ ಪುಲ್ಫ್ರಿಶ್. ಅವರಿಗೆ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ತಮ್ಮ ಹೆಸರು ಹೊತ್ತ ಈ ದೃಶ್ಯವನ್ನು ಅವರು ಸ್ವತಃ ಕಾಣುವಂತಿರಲಿಲ್ಲ.

ನನ್ನ ತಟ್ಟೆಗೂ ಇದು ಅನ್ವಯಿಸುತ್ತದೆ. ಕೆಂಪು ಮಂಕಾಗಿದ್ದರೆ "ಮಂಕಾದ್ದರಿಂದ ಹಿಂದೆ ಬಿತ್ತು, ಅಷ್ಟೇ" ಎಂದು ಯಾರಾದರೂ ಹೇಳಬಹುದು. ಬೆಳಕು ಬದಲಿಸಿದರೆ ಫ್ಲ್ಯಾಶ್ ಲ್ಯಾಗ್ ಹೆಚ್ಚು ಕಡಿಮೆಯಾಗುತ್ತದೆ ಎಂದು 1998ರಲ್ಲಿ ನೇಚರ್ ಪತ್ರಿಕೆಯಲ್ಲೇ ಬಂದಿತ್ತು. ಅದಕ್ಕೇ ನಾನು ಎರಡೂ ದೀಪ ಕಣ್ಣಿಗೆ ಒಂದೇ ಸಮ ಅನ್ನಿಸುವವರೆಗೆ ರೆಸಿಸ್ಟರ್ ಬದಲಿಸುತ್ತಲೇ ಇದ್ದೆ. ಸಮ ಮಾಡಿದ ಮೇಲೂ ಅಂತರ ಹೋಗಲಿಲ್ಲ.

ಅಳತೆ

ಎಷ್ಟು ಹಿಂದೆ ಬೀಳುತ್ತದೆ? ಬೆರಳಲ್ಲಿ ತೋರಿಸಿ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೆ ಬೇರೆ ದಾರಿ ಹಿಡಿದೆ. 13 ಸೆಂ.ಮೀ. ಅಂಚಿನಲ್ಲೇ ತಿರುಗುವ ದಿಕ್ಕಿಗೆ 5, 10, 15, 20, 25 ಡಿಗ್ರಿ ಮುಂದೆ ತೂತು ಕೊರೆದು ಎಲ್ಲದಕ್ಕೂ ಪಿನ್ ಸಾಕೆಟ್ ಕೂರಿಸಿದೆ. ಕೆಂಪು ದೀಪವನ್ನು ಕಿತ್ತು ಬೇರೆ ತೂತಿಗೆ ಸಿಕ್ಕಿಸಬಹುದು. ಯಾವ ತೂತಿನಲ್ಲಿಟ್ಟಾಗ ಎರಡೂ ಒಂದೇ ಗೆರೆಯಲ್ಲಿ ಕಾಣುತ್ತವೆ ಅಂತ ಮಾತ್ರ ಕೇಳುವುದು. ತಟ್ಟೆಯನ್ನು ಎದುರಿಗಿಟ್ಟು ಒಂದು ಮೀಟರ್ ದೂರದಲ್ಲಿ ಕೂರಿಸಿದೆ.

ನನಗೆ 15ರ ತೂತು. ಅಮ್ಮನಿಗೂ 15. ಅಕ್ಕನ ಮಗಳಿಗೆ 10. ಈಗ ಲೆಕ್ಕ ಹಾಕಿ. ಸೆಕೆಂಡಿಗೆ 168 ಡಿಗ್ರಿ ಅಂದರೆ 10 ಡಿಗ್ರಿಗೆ ಸುಮಾರು 60 ಮಿಲಿಸೆಕೆಂಡ್, 15ಕ್ಕೆ ಸುಮಾರು 90. ಅಂಚಿನಲ್ಲಿ 15 ಡಿಗ್ರಿ ಅಂದರೆ 3.4 ಸೆಂ.ಮೀ., ಅಂದರೆ ನಾನು ಮೊದಲು ಕಂಡ ಎರಡು ಬೆರಳು. ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಸಿಗುವ 80 ಮಿಲಿಸೆಕೆಂಡಿನ ಸುತ್ತಮುತ್ತಲೇ ನಮ್ಮ ಮನೆಯ ಪ್ಲೈವುಡ್ ಕೂಡ ಬಂದು ನಿಂತಿತು. ಮೋಟರಿಗೆ ಕೊಡುವ ವೋಲ್ಟೇಜ್ ತಗ್ಗಿಸಿ ವೇಗ ಅರ್ಧ ಮಾಡಿದೆ. ಅಂತರವೂ ಹೆಚ್ಚುಕಡಿಮೆ ಅರ್ಧವಾಯಿತು. ಅಂದರೆ ಸ್ಥಿರವಾಗಿರುವುದು ದೂರವಲ್ಲ, ಹೊತ್ತು.

80 ಮಿಲಿಸೆಕೆಂಡ್ ಕಡಿಮೆ ಅನ್ನಿಸುತ್ತದೆ. ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡು ಅಷ್ಟರಲ್ಲಿ ಮೂರು ಮೀಟರ್ ದಾಟಿರುತ್ತದೆ.

ಮೋಸ ಇಲ್ಲ ಎಂದು ತೋರಿಸಲು

ಎರಡು ದೀಪದ ನಡುವೆ ತಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ಅರೆಬೆಳಕಿನಲ್ಲಿ ಗೆರೆಯೂ ಕಾಣುತ್ತದೆ, ದೀಪವೂ ಕಾಣುತ್ತದೆ. ಕೆಂಪು ದೀಪ ತಾನು ನಿಂತಿರುವ ಗೆರೆಯನ್ನೇ ಬಿಟ್ಟು ಹಿಂದೆ ಮಿನುಗುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಒಂದು ಎಚ್ಚರಿಕೆ. ಕೋಣೆಯ ಎಲ್‌ಇಡಿ ಬಲ್ಬ್ ಹಾಕಿಟ್ಟರೆ ಗೆರೆ ಒಡೆದು ಹತ್ತಾರು ಗೆರೆಯಾಗಿ ಕಾಣಬಹುದು. ನಮ್ಮ ಮನೆಯ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತಿತ್ತು, ಮುಖ್ಯ ಲೈನಿನ 50 ಹರ್ಟ್ಸ್‌ನ ಎರಡರಷ್ಟು. ಸಂಜೆ ಕಿಟಕಿಯ ಬೆಳಕು ಸಾಕು. ಇಲ್ಲದಿದ್ದರೆ ಬ್ಯಾಟರಿಯಲ್ಲಿ ಓಡುವ ಎಲ್‌ಇಡಿ ಪಟ್ಟಿ ಬಳಸಿ.

ಮೊಬೈಲಿನ ಸ್ಲೋ ಮೋಷನ್ ಕೂಡ ಒಳ್ಳೆಯ ಸಾಕ್ಷಿ. ಸೆಕೆಂಡಿಗೆ 240 ಚಿತ್ರ ಅಂದರೆ ಒಂದು ಚಿತ್ರಕ್ಕೆ 4 ಮಿಲಿಸೆಕೆಂಡಿನ ಆಸುಪಾಸು. ಕೆಂಪು ಹೊತ್ತಿದ ಚಿತ್ರದಲ್ಲಿ ನಿಲ್ಲಿಸಿ ನೋಡಿ. ಹಸಿರು, ಕೆಂಪು, ಬಿಳಿ ಗೆರೆ ಎಲ್ಲವೂ ಒಂದೇ ನೇರದಲ್ಲಿ ಸರಿಯಾಗಿ ಕೂತಿರುತ್ತವೆ. ಅಮ್ಮ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ತಟ್ಟೆ ನೋಡಿದರು. "ಗೊತ್ತಿದ್ರೂ ಹಾಗೇ ಕಾಣುತ್ತಲ್ಲ" ಅಂದರು.

ಜಂಪರ್ ಬದಲಿಸಿದಾಗ

ಇಲ್ಲಿಯವರೆಗಿನದು ಪ್ರದರ್ಶನ. ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಮುಂದಿನದು. ಚಿಪ್‌ನ ಎರಡು ಪಿನ್‌ಗೆ ಜಂಪರ್ (ಪಿನ್ ಕೂಡಿಸುವ ಪುಟ್ಟ ತುಂಡು) ಹಾಕಿ ಮೂರು ಬಗೆಯ ಆಟ ಇಟ್ಟೆ. ಮೊದಲನೆಯದು ಇಲ್ಲಿಯವರೆಗೆ ಹೇಳಿದ್ದೇ.

ನಿಜಾವನ್ ಕೊಟ್ಟ ವಿವರಣೆ ಹೀಗಿತ್ತು. ಬೆಳಕು ಅಕ್ಷಿಪಟಲಕ್ಕೆ ಬಿದ್ದು ಮಿದುಳಿನಲ್ಲಿ ಕೆಲಸವಾಗಲು ಹೊತ್ತು ಹಿಡಿಯುತ್ತದೆ. ಹಾಗೇ ಬಿಟ್ಟರೆ ಓಡುವ ಚೆಂಡು ನಮಗೆ ಯಾವಾಗಲೂ ಹಿಂದಿನ ಜಾಗದಲ್ಲಿ ಕಾಣಬೇಕು, ಹಿಡಿಯುವುದೇ ಕಷ್ಟವಾಗಬೇಕು. ಅದಕ್ಕೇ ದೃಷ್ಟಿವ್ಯವಸ್ಥೆ ಚಲಿಸುವ ವಸ್ತುವನ್ನು ಅದರ ದಾರಿಯಲ್ಲಿ ಮುಂದಕ್ಕೆ ತಳ್ಳಿ, ಈಗ ಎಲ್ಲಿರಬೇಕೋ ಅಲ್ಲಿ ತೋರಿಸುತ್ತದೆ. ಮಿನುಗಿಗೆ ದಾರಿಯೇ ಇಲ್ಲ, ಆದ್ದರಿಂದ ಅದು ಹಿಂದೆ ಉಳಿಯುತ್ತದೆ. ಕೇಳಿದ ತಕ್ಷಣ ಸರಿ ಅನ್ನಿಸುವ ಮಾತು.

ಎರಡನೇ ಆಟದಲ್ಲಿ ಹಸಿರು ಒಂದು ಸೆಕೆಂಡ್ ಓಡುತ್ತದೆ, ಕೆಂಪು ಮಿನುಗಿದ ಕ್ಷಣದಲ್ಲೇ ಎರಡೂ ಒಟ್ಟಿಗೆ ಆರುತ್ತವೆ. ಊಹೆ ಮಾಡಿ ಮುಂದೆ ತಳ್ಳುವುದಾದರೆ ಹಸಿರು ಆರಿದ ಜಾಗಕ್ಕಿಂತ ಮುಂದೆ ಕಾಣಬೇಕಿತ್ತು. ಕಾಣಲಿಲ್ಲ. ಎರಡೂ ಗೆರೆಯಲ್ಲಿ ನೆಟ್ಟಗೆ ಕಂಡವು.

ಮೂರನೇ ಆಟದಲ್ಲಿ ಪೂರ್ತಿ ಕತ್ತಲು. ಕೆಂಪು ಮಿನುಗಿದ ಕ್ಷಣದಲ್ಲೇ ಹಸಿರು ಹೊತ್ತಿಕೊಂಡು ಓಡತೊಡಗುತ್ತದೆ. ಇಲ್ಲಿ ಊಹೆ ಮಾಡಲು ಹಿಂದಿನ ಚಲನೆ ಏನೂ ಇಲ್ಲ. ಆದರೂ ಕೆಂಪು ಹಿಂದೆ ಬಿತ್ತು, ಮೊದಲಿನಷ್ಟೇ! ಥಟ್ಟನೆ ಕಾಣಿಸಿಕೊಂಡು ಓಡುವ ವಸ್ತು ಅದರ ಮೊದಲ ಜಾಗದಲ್ಲಿ ಕಾಣುವುದಿಲ್ಲ, ಸ್ವಲ್ಪ ಮುಂದೆ ಕಾಣುತ್ತದೆ ಎಂದು ಫ್ರೋಲಿಶ್ 1923ರಲ್ಲಿ ಬರೆದಿದ್ದೂ ಇದಕ್ಕೆ ಹೊಂದುತ್ತದೆ.

ಇಂಥ ಪ್ರಯೋಗಗಳನ್ನು ಹಿಡಿದುಕೊಂಡೇ ಡೇವಿಡ್ ಈಗಲ್‌ಮನ್ ಮತ್ತು ಟೆರೆನ್ಸ್ ಸೆಜ್ನೋಸ್ಕಿ 2000ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬೇರೆ ಮಾತು ಹೇಳಿದರು. ಮಿನುಗಿದ ಕ್ಷಣ ಹಸಿರು ಎಲ್ಲಿತ್ತು ಎಂಬ ತೀರ್ಮಾನವನ್ನು ಮಿದುಳು ಆಗಲೇ ಮಾಡುವುದಿಲ್ಲ. ಮಿನುಗಿದ ನಂತರದ ಸುಮಾರು 80 ಮಿಲಿಸೆಕೆಂಡಿನಲ್ಲಿ ಏನಾಯಿತು ಎಂಬುದನ್ನೂ ಸೇರಿಸಿಕೊಂಡು, ಆಮೇಲೆ "ಆಗ ಅದು ಇಲ್ಲಿತ್ತು" ಎನ್ನುತ್ತದೆ. ಹಸಿರು ಅಲ್ಲೇ ಆರಿದರೆ ಸೇರಿಸಲು ಏನೂ ಇಲ್ಲ, ಗೆರೆ ನೆಟ್ಟಗೆ. ಮುಂದೆ ಓಡಿದರೆ ಉತ್ತರವೂ ಮುಂದಕ್ಕೆ ಸರಿಯುತ್ತದೆ. ಅಂದರೆ ನಾವು "ಈಗ" ಎನ್ನುವುದು ಆಗಿಹೋದ ಮೇಲೆ ಬರೆದ ವರದಿ. ಮೂರನೇ ಜಂಪರ್ ಹಾಕಿ ಕತ್ತಲಲ್ಲಿ ಕೂತು ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ಮಾತು ಹೊರಡಲಿಲ್ಲ.

ಇದು ಕೋಣೆಯ ಆಟ ಅಂತ ಬಿಡುವ ಹಾಗೂ ಇಲ್ಲ. ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ತೀರ್ಪು ಕೊಡುವ ಲೈನ್‌ಮನ್ ನೋಡಬೇಕಾದ್ದು ಚೆಂಡು ಒದ್ದ ಕ್ಷಣದಲ್ಲಿ ಓಡುತ್ತಿರುವ ಆಟಗಾರ ಎಲ್ಲಿದ್ದ ಅಂತ. ಒದೆತವೇ ಮಿನುಗು, ಆಟಗಾರನೇ ಹಸಿರು ದೀಪ. ಬ್ರೆಜಿಲ್‌ನ ಬಾಲ್ಡೊ ಮತ್ತು ಜೊತೆಗಾರರು 2002ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಓಡುವವನು ಇದ್ದುದಕ್ಕಿಂತ ಮುಂದೆ ಕಂಡರೆ ತಪ್ಪು ಬಾವುಟ ಏಳುತ್ತದೆ. ಟೆನಿಸ್ ಅಂಪೈರ್‌ಗಳ ತಪ್ಪುಗಳನ್ನು 2008ರಲ್ಲಿ ಡೇವಿಡ್ ವಿಟ್ನಿ ಮತ್ತು ಜೊತೆಗಾರರು ನೋಡಿದಾಗಲೂ ಹಾಗೇ. ಗೆರೆಯೊಳಗೆ ಬಿದ್ದ ಚೆಂಡನ್ನು ಹೊರಗೆ ಎಂದ ತಪ್ಪುಗಳೇ ಜಾಸ್ತಿ. ಮುಂದಿನ ಸಲ ಲೈನ್‌ಮನ್ ಮೇಲೆ ಕೂಗುವ ಮೊದಲು ನಾನು ಈ ತಟ್ಟೆಯನ್ನು ನೆನಪಿಸಿಕೊಳ್ಳುತ್ತೇನೆ.

ಈಗ ಬೆಂಚಿನ ಮೇಲೆ

ಆದರೆ ಊಹೆಯ ಕಡೆಯವರು ಸೋತಿಲ್ಲ. ಎರಡನೇ ಆಟದಲ್ಲಿ ಹಸಿರು ಥಟ್ಟನೆ ಆರುತ್ತದಲ್ಲ, ಆ ಥಟ್ಟನೆಯ ಆರುವಿಕೆಯೇ ಒಂದು ಗಟ್ಟಿ ಸುದ್ದಿ. ಅದು ಊಹೆಯನ್ನು ಅಳಿಸಿಹಾಕುತ್ತದೆ ಎನ್ನುವುದು ಅವರ ವಾದ. ಹಾಗಾದರೆ ಸುದ್ದಿಯಿಲ್ಲದೆ ಮೆಲ್ಲಗೆ ಮಾಯವಾದರೆ? ಗೆರಿಟ್ ಮಾಸ್ ಮತ್ತು ನಿಜಾವನ್ 2008ರಲ್ಲಿ ಚಲಿಸುವ ವಸ್ತುವನ್ನು ಕಣ್ಣಿನ ಕುರುಡು ಚುಕ್ಕೆಯೊಳಗೆ ಹಾಯಿಸಿದರು. ಅಲ್ಲಿ ಬೆಳಕು ಗ್ರಹಿಸುವ ಕೋಶಗಳೇ ಇಲ್ಲ, ಹಾಗಾಗಿ ವಸ್ತು ಮಾಯವಾಯಿತೆಂಬ ಸುದ್ದಿಯೂ ಹೊರಡುವುದಿಲ್ಲ. ವಸ್ತು ಆ ಕುರುಡು ಜಾಗದೊಳಕ್ಕೂ ಸ್ವಲ್ಪ ದೂರ ಸಾಗಿದಂತೆ ಕಂಡಿತು.

ನಾನು ಇದರ ಹತ್ತಿರದ್ದೊಂದನ್ನು ಮಾಡುತ್ತಿದ್ದೇನೆ. ಹಸಿರನ್ನು ಥಟ್ಟನೆ ಆರಿಸದೆ, ಅರ್ಧ ಸುತ್ತಿನುದ್ದಕ್ಕೂ ನಿಧಾನವಾಗಿ ಮಂಕು ಮಾಡುವುದು. ಇದಕ್ಕೆ ಪಿಡಬ್ಲ್ಯೂಎಂ ಬೇಕೇ ಬೇಕು. ಚುಕ್ಕಿಗಳು ಕಾಣಬಾರದೆಂದು ಟೈಮರ್‌ನ ಭಾಗಾಕಾರ ತೆಗೆದು, ದೀಪ ಆರಿ ಹೊತ್ತುವುದನ್ನು ಸೆಕೆಂಡಿಗೆ 31,250 ಸಲಕ್ಕೆ ಏರಿಸಿದ್ದೇನೆ. 8 ಮೆಗಾಹರ್ಟ್ಸ್ ಚಿಪ್‌ಗೆ ಅದು ಸುಲಭ. ಈಗ ತಿರುಗಿಸಿದರೆ ಹಸಿರು ಬೆಳಕಿನ ಗೆರೆ ಒಡೆಯದೆ ನಯವಾಗಿ ತೆಳುವಾಗುತ್ತದೆ.

ಹಸಿರು ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಆರಬೇಕು. ಇಲ್ಲದಿದ್ದರೆ ಎಲ್ಲಿಯವರೆಗೆ ಕಂಡಿತು ಎಂದು ಗುರುತು ಮಾಡುವುದು ಹೇಗೆ? ಆದ್ದರಿಂದ ಜಾಗ ಹೇಳುವ ಸೆನ್ಸರ್ ಮತ್ತೆ ಬೇಕಾಯಿತು. ಈ ಸಲ ಹಾಲ್ ಸೆನ್ಸರ್ ಬದಲು, ಅಯಸ್ಕಾಂತ ಹತ್ತಿರ ಬಂದರೆ ತಾನೇ ಕೂಡಿಕೊಳ್ಳುವ ರೀಡ್ ಸ್ವಿಚ್ ಹಾಕಿದ್ದೇನೆ. ಅದಕ್ಕೆ ವೋಲ್ಟೇಜಿನ ಹಂಗಿಲ್ಲ. ಅಯಸ್ಕಾಂತ ಒಮ್ಮೆ ದಾಟುವಾಗ ಅದು ಎರಡು ಸಲ ಕೂಡಿಕೊಳ್ಳುತ್ತಿತ್ತು. ಒಮ್ಮೆ ಕೂಡಿದ ಮೇಲೆ ಒಂದು ಸೆಕೆಂಡ್ ಅದರ ಕಡೆ ನೋಡಬೇಡ ಎಂದು ಕೋಡ್‌ನಲ್ಲಿ ಬರೆದೆ. ಚೌಕಟ್ಟಿನ ಸುತ್ತ ಕಾಗದದ ಕೋನಮಾಪಕ ಅಂಟಿಸಿಯಾಗಿದೆ. ಅಂಟು ಒಣಗಬೇಕು, ಹೊರಗೆ ಕತ್ತಲಾಗಬೇಕು. ಅಕ್ಕನ ಮಗಳು ಆಗಲೇ ಪೆನ್ಸಿಲ್ ಹಿಡಿದು ಒಂದು ಮೀಟರ್ ದೂರದ ಕುರ್ಚಿಯಲ್ಲಿ ಕೂತಿದ್ದಾಳೆ.